ಉರಿಬಳೆಯ ಸೊನ್ನೆ

ಶಾಹೀನಾಳ ಮುಂಗೈಗೆ ಬಳೆ ತೊಡಿಸಿ, ಅಂಗೈಯ ಮೇಲೆ ಮೆಣಸಿನ ಸತ್ವದ ಒಂದು ಹನಿ ಬಿಟ್ಟು, ಡಾ. ನೀಲಾಂಬಿಕಾ ಕಟ್ಟೀಮನಿ ಗಡಿಯಾರ ನೋಡಿದರು. ಐದು ನಿಮಿಷದೊಳಗೆ ಹುಡುಗಿಯ ಅಂಗೈ ಕೆಂಪೇರಿತು. ಬಳೆಯ ಮೇಲೆ ಎಪ್ಪತ್ತೊಂದು ಎಂದು ಮೂಡಿತು.

"ಕಣ್ಣಾಗ ನೀರು ಬರಾಕತ್ತೈತ್ರಿ" ಎಂದಳು ಶಾಹೀನಾ. ಅವಳು ಗೋದಾಮಿನ ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು.

ಅದು ೨೦೫೭ನೇ ಇಸವಿ. ಬ್ಯಾಡಗಿಯ ಹೊರವಲಯದ ಆ ಗೋದಾಮಿನಲ್ಲಿ ಅರವತ್ತು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಊರಿನ ಹೆಸರು ಹೊತ್ತ ಕಾಯಿ ಬಣ್ಣಕ್ಕೆ ಪ್ರಸಿದ್ಧ, ಖಾರ ಅಷ್ಟಕ್ಕಷ್ಟೆ. ಇಲ್ಲಿಗೆ ಬರುತ್ತಿದ್ದುದು ಔಷಧಕ್ಕೆಂದೇ ಬೆಳೆಸಿದ ಹೊಸ ತಳಿ, ಮುಟ್ಟಿದರೆ ಬೆಂಕಿ. ಯಂತ್ರ ತೊಟ್ಟು ಮುರಿದರೆ ಕಾಯಿ ಒಡೆಯುತ್ತದಂತೆ. ಹಾಗಾಗಿ ಚಂದ್ರನ ಮೇಲೆ ಮನೆ ಕಟ್ಟುವ ಕಾಲದಲ್ಲೂ ಈ ಕೆಲಸಕ್ಕೆ ಹೆಂಗಸರ ಕೈಯೇ ಬೇಕಾಗಿತ್ತು.

ಕೈ ಉರಿಯುತ್ತದೆ ಎಂದು ಅವರು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ನರಗಳ ಸಂಶೋಧಕಿ ನೀಲಾಂಬಿಕಾ ಆ ಉರಿಗೊಂದು ಸಾಕ್ಷಿ ಹುಡುಕಿದ್ದರು. ಮೆಣಸಿನ ಖಾರ, ಅಂದರೆ ಕ್ಯಾಪ್ಸೈಸಿನ್, ಚರ್ಮದಲ್ಲಿರುವ ನೋವಿನ ನರಗಳ ತುದಿಗೆ ತಾಗಿದಾಗ, ಬೆಂಕಿಯೇ ತಗುಲಿತೆಂದು ನರ ಮಿದುಳಿಗೆ ಸುದ್ದಿ ಕಳಿಸುತ್ತದೆ. ಜೊತೆಗೆ ತನ್ನ ತುದಿಯಿಂದ ಸುತ್ತಲಿನ ಚರ್ಮಕ್ಕೆ ನ್ಯೂರೊಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನು ತುಣುಕುಗಳನ್ನು ಬಿಡುತ್ತದೆ. ರಕ್ತನಾಳಗಳು ಹಿಗ್ಗಿ ಕೈ ಕೆಂಪಾಗುವುದು ಅವುಗಳಿಂದಲೇ. ಬಳೆಯಿಂದ ಅಂಗೈಗೆ ಇಳಿದ ತೆಳುಪಟ್ಟಿಯೊಂದು ಆ ತುಣುಕುಗಳನ್ನು ಎಣಿಸುತ್ತಿತ್ತು. ಕಾಗದಪತ್ರಗಳಲ್ಲಿ ಅದರ ಹೆಸರು ನೋವುಮಾಪಕ. ಹೆಂಗಸರು ಮೊದಲ ದಿನವೇ ಉರಿಬಳೆ ಎಂದು ಕರೆದರು, ಅದೇ ನಿಂತಿತು.

ಗೋದಾಮಿನವರು ಬೇಗನೆ ಒಂದು ನಿಯಮ ಮಾಡಿದರು. ಬಳೆಯ ಅಂಕಿ ನಲವತ್ತು ದಾಟಿದವರಿಗೆ ಕೈಗವಸು, ಗಾಳಿಯಾಡುವ ಅಂಗಳ. ಸೊನ್ನೆ ಬಂದವರ ಹೆಸರಿನ ಮುಂದೆ 'ಬಾಧೆಯಿಲ್ಲ' ಎಂದು ಬರೆದು ಪುಡಿ ಕೋಣೆಗೆ. ಆ ಕೋಣೆಯಲ್ಲಿ ಉಸಿರಾಡುವುದೂ ಖಾರವನ್ನೇ.

ಶಾಹೀನಾ ಎದ್ದ ಜಾಗದಲ್ಲಿ ಫಕ್ಕೀರವ್ವ ಕೂತಳು. ಮೂವತ್ತೊಂದು ವರ್ಷದಿಂದ ತೊಟ್ಟು ಬಿಡಿಸಿದ ಕೈ. ಹನಿ ಬಿದ್ದ ಜಾಗ ಕೆಂಪಾಗಲಿಲ್ಲ. ಬಳೆ ಸೊನ್ನೆ ತೋರಿಸಿತು.

"ನೋಡ್ರಿ, ಇಕಿಗೆ ರೂಢಿ ಆಗೇತಿ" ಎಂದ ಮ್ಯಾನೇಜರ್ ಹಲಗೇರಿ, ದಫ್ತರದಲ್ಲಿ ಬರೆದುಕೊಳ್ಳುತ್ತ. "ನಾಳೆಯಿಂದ ಪುಡಿ ಖೋಲಿ, ಫಕ್ಕೀರವ್ವ."

"ನಾ ಹೋಗಂಗಿಲ್ಲ."

"ಯಾಕ? ಬಳಿ ಸುಳ್ಳು ಹೇಳತೈತೇನು?"

"ಬಳಿ ಖರೇನ ಹೇಳೇತಿ ಸಾಹೇಬ್ರ. ಓದಾಕ ನಿಮಗ ಬರವಲ್ದು."

ಆಗಷ್ಟೇ ಕುದಿಸಿದ ಚಹಾ ಸ್ಟೀಲಿನ ಲೋಟಗಳಲ್ಲಿ ಬಂದಿತ್ತು. ಹಲಗೇರಿ ತನ್ನ ಲೋಟವನ್ನು ಕರವಸ್ತ್ರದಲ್ಲಿ ಹಿಡಿದಿದ್ದ. ಫಕ್ಕೀರವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡು ಇಡೀ ಅಂಗೈಯಲ್ಲಿ ಹಿಡಿದಳು, ಹಿಡಿದೇ ಮಾತಾಡಿದಳು.

"ಹೋದ ಶ್ರಾವಣದಾಗ ಮೊಮ್ಮಗಳಿಗೆ ಎರ್ಯಾಕ ಕುಂತಿದ್ದೆ. ನೀರಾಗ ಕೈ ಅದ್ದಿ ನೋಡಿದೆ, ಉಗುರಬೆಚ್ಚಗ ಐತಿ ಅನ್ನಿಸ್ತು. ಎರದೆ. ಕೂಸಿನ ಬೆನ್ನ ಮ್ಯಾಲೆ ಗುಳ್ಳಿ ಎದ್ದವು. ಅವತ್ತಿಂದ ನನ್ನ ಸೊಸಿ ನನ್ನ ಕೈಯಾಗ ಕೂಸಿನ್ನ ಕೊಡಂಗಿಲ್ಲ. ಕೊಡಲೂಬಾರದು. ರೂಢಿ ಅಂತೀರಲ್ಲ, ರೂಢಿ ಅಂದ್ರ ಇದು."

ನೀಲಾಂಬಿಕಾ ಲೋಟವನ್ನು ಕಿತ್ತುಕೊಂಡರು. ಅವರ ಬೆರಳು ಚುರ್ರೆಂದಿತು. ಫಕ್ಕೀರವ್ವನ ಕೈಯನ್ನು ಬೆಳಕಿಗೆ ಹಿಡಿದಾಗ ರೊಟ್ಟಿಯ ಹಂಚು ಸುಟ್ಟ ಕಲೆಗಳು, ತಿಂಗಳುಗಟ್ಟಲೆ ಮಾಯದ ಬಿರುಕುಗಳು ಕಂಡವು. ಅವರಿಗೆ ನಾಚಿಕೆಯಾಯಿತು. ವರ್ಷಗಟ್ಟಲೆ ಖಾರ ತಾಗಿದ ನರ ಮೊದಲು ತನ್ನ ತುಣುಕುಗಳ ದಾಸ್ತಾನನ್ನೆಲ್ಲ ಚೆಲ್ಲಿಕೊಂಡು ಬರಿದಾಗುತ್ತದೆ, ಆಮೇಲೆ ಅದರ ತುದಿಯೇ ಒಣಗಿ ಹಿಂದೆ ಸರಿಯುತ್ತದೆ. ಗಾಯ ಬೇಗ ಮಾಯಲು ನೆರವಾಗುವುದೂ ಅದೇ ತುಣುಕುಗಳು. ಇದೆಲ್ಲ ಅವರು ಇಲಿಗಳ ಮೇಲೆ ಪ್ರಯೋಗಿಸಿ ನೋಡಿ, ಸ್ವತಃ ಬರೆದದ್ದೇ ಆಗಿತ್ತು. ಬಳೆ ಮಾಡುವಾಗ ಸೊನ್ನೆ ಎಂದರೆ ಸುಖ ಎಂದುಕೊಂಡುಬಿಟ್ಟಿದ್ದರು.

ಅವರು ದಫ್ತರ ಎಳೆದುಕೊಂಡು 'ಬಾಧೆಯಿಲ್ಲ' ಎಂಬುದನ್ನು ಹೊಡೆದುಹಾಕಿದರು.

"ಮೇಡಂ, ಅದು ಗೋದಾಮಿನ ನಿಯಮ" ಎಂದ ಹಲಗೇರಿ.

"ಬಳಿ ನಂದು. ಅದು ಏನು ಹೇಳತೈತಿ ಅಂತ ಹೇಳಾಕಿ ನಾನು. ಇಲ್ಲಿ ಎಲ್ಲಾರಿಗಿಂತ ಹೆಚ್ಚು ಪೆಟ್ಟು ತಿಂದಾಕಿ ಇಕಿ."

"ಹಂಗಂದ್ರ ನನ್ನ ಕೈ ತಿರುಗಿ ಬರತಾವೇನ್ರಿ ಅಕ್ಕಾರ?" ಫಕ್ಕೀರವ್ವ ಕೇಳಿದಳು.

"ಖಾರ ಮುಟ್ಟದಿದ್ರ ನರದ ತುದಿ ಮತ್ತ ಬೆಳೀಬಹುದು. ಖಾತ್ರಿ ಕೊಡಾಕ ಆಗಂಗಿಲ್ಲ."

"ಇಷ್ಟ ಸಾಕು" ಎಂದು ಅವಳು ಪುಡಿ ಕೋಣೆಯ ಬಾಗಿಲಿಗೆ ಅಡ್ಡ ಕೂತಳು. ಸೊನ್ನೆ ಬಂದಿದ್ದ ಇನ್ನೂ ಇಪ್ಪತ್ತಮೂರು ಹೆಂಗಸರು ಬಂದು ಪಕ್ಕದಲ್ಲಿ ಕೂತರು. ಶಾಹೀನಾ ತನಗೆ ಸಿಕ್ಕ ಹೊಸ ಕೈಗವಸನ್ನು ಬಿಚ್ಚಿ ಫಕ್ಕೀರವ್ವನ ಮಡಿಲಲ್ಲಿಟ್ಟು ತಾನೂ ಕೂತಳು. ಉಳಿದವರೂ ಕೆಲಸ ಬಿಟ್ಟು ಎದ್ದರು. ಮೂರು ದಿನ ಒಂದು ಕಾಯಿಯ ತೊಟ್ಟೂ ಮುರಿಯಲಿಲ್ಲ. ನಾಲ್ಕನೆಯ ದಿನ ಅರವತ್ತು ಜೊತೆ ಕೈಗವಸು ಬಂದವು, ಪುಡಿ ಕೋಣೆಗೆ ಬೀಗ ಬಿತ್ತು.

ಏಳು ತಿಂಗಳಾದ ಮೇಲೆ ನೀಲಾಂಬಿಕಾ ಫಕ್ಕೀರವ್ವನ ಮನೆಗೆ ಹೋದರು. ಬಚ್ಚಲಲ್ಲಿ ನೀರು ಕಾದಿತ್ತು. ಸೊಸೆ ಕೂಸನ್ನೆತ್ತಿಕೊಂಡು ದೂರವೇ ನಿಂತಿದ್ದಳು. ಫಕ್ಕೀರವ್ವ ನೀರಿಗೆ ಕೈ ಹಾಕಿದವಳು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ನೀಲಾಂಬಿಕಾ ತೊಡಿಸಿದ್ದ ಬಳೆ ಒಂಬತ್ತು ತೋರಿಸಿತು.

"ಸುಡತೈತಿ" ಎಂದಳು. ಕೈಯನ್ನು ಎದೆಗೊತ್ತಿಕೊಂಡು ಇನ್ನೊಮ್ಮೆ ಹೇಳಿದಳು, "ಯವ್ವಾ, ಸುಡತೈತಿ."

ಸೊಸೆ ತಣ್ಣೀರು ಬೆರೆಸಿದಳು. ಆಮೇಲೆ ಕೂಸನ್ನು ಅತ್ತೆಯ ಕಾಲ ಮೇಲೆ ಮಲಗಿಸಿದಳು.

ನಮ್ಮ ಕಾಲಕ್ಕೆ ಆ ಬಳೆ ಇನ್ನೂ ಬಂದಿಲ್ಲ. ಇಟ್ಟಿಗೆ ಗೂಡಿನ ಮುಂದೆ ನಿಂತವರನ್ನೋ ಮೆಣಸಿನ ರಾಶಿಯ ಪಕ್ಕ ಕೂತವರನ್ನೋ ಕಂಡು, 'ಅವರಿಗೆ ರೂಢಿಯಾಗಿದೆ ಬಿಡಿ' ಎಂದು ನಾವು ಈಗಲೂ ಆರಾಮವಾಗಿ ಮುಂದೆ ಹೋಗುತ್ತೇವೆ. ನಿಂತು ಅವರನ್ನೇ ಕೇಳಬಹುದಿತ್ತು, ಅದಕ್ಕೆ ಬಳೆ ಬೇಕಿಲ್ಲ.