ಎಡಗಡೆಯ ಮಡ್ಗಾರ್ಡ್ ನನ್ನದು

“ಇಳೀರಿ ಮೇಡಮ್! ಗ್ಯಾಸ್ ಕಟರ್ ಹಚ್ಚಿದ್ದಾರೆ, ಕಾಣಿಸ್ತಿಲ್ವಾ?”

“ಕಾಣಿಸ್ತಿದೆ. ಅದಕ್ಕೇ ಇಳೀತಿಲ್ಲ!”

ಗುಜರಿ ಅಂಗಳದ ನಟ್ಟನಡುವೆ, ಐವತ್ತು ವರ್ಷದ ಹಳೆಯ ಕಾರೊಂದರ ಬಾನೆಟ್ ಮೇಲೆ ಅವಳು ಕಾಲು ಇಳಿಬಿಟ್ಟು ಕೂತಿದ್ದಳು. ಕಾರಿಗೆ ಗಾಜಿರಲಿಲ್ಲ, ಸೀಟಿರಲಿಲ್ಲ. ಬಣ್ಣ ಯಾವುದಿತ್ತೆಂದು ದೇವರೇ ಹೇಳಬೇಕು. ಆದರೂ ಆ ದುಂಡನೆಯ ಮೈ, ಆ ಅಗಲ ಹಣೆ... ಬಸ್ಸಿನ ಕಿಟಕಿಯಿಂದ ಕಂಡಿದ್ದೇ ತಡ, ಮುಂದಿನ ಸ್ಟಾಪಿನಲ್ಲಿ ಹಾರಿಕೊಂಡು ಓಡಿಬಂದಿದ್ದಳು. ಯಾಕೆ ಬೇಕೆಂದು ಕೇಳಿದರೆ ಉತ್ತರವಿರಲಿಲ್ಲ. ಬೇಕಿತ್ತು, ಅಷ್ಟೇ!

ಎದುರಿಗೆ ಸ್ಪ್ಯಾನರ್ ಹಿಡಿದು ನಿಂತಿದ್ದವನು ಹತ್ತಿರದ ಗ್ಯಾರೇಜಿನ ಟಿಂಕರ್. ಕಾರುಗಳ ತಗಡು ತಟ್ಟಿ ಸರಿಮಾಡುವುದು ಅವನ ಕಸುಬು.

“ಇದರ ಎರಡು ಬಾಗಿಲು ಬೆಳಗ್ಗೆನೇ ಮಾತಾಡಿಟ್ಟಿದ್ದೀನಿ ನಾನು.”

“ನಾನು ಈಗ ಪೂರ್ತಿ ಕಾರೇ ಮಾತಾಡಿದ್ದೀನಿ. ಬಾಗಿಲು ಕಾರಿನ ಜೊತೆಗೇ ಬರುತ್ತೆ.”

ಅವನು ನಕ್ಕ. ಆ ನಗುವಿಗೇ ಅವಳ ಮೈ ಉರಿದುಹೋಯಿತು.

“ಇದರಲ್ಲಿ ಕಾರು ಎಷ್ಟಿದೆ ಅಂತ ಗೊತ್ತಾ ನಿಮಗೆ?” ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಎಡಗಡೆಯ ಮಡ್ಗಾರ್ಡಿಗೆ ಹಚ್ಚಿದ. ಅದು ನಿಲ್ಲದೆ ಟಪ್ಪನೆ ಕೆಳಗೆ ಬಿತ್ತು. “ನೋಡಿದ್ರಾ? ಬರೀ ಪುಟ್ಟಿ. ಗುಂಡಿ ತುಂಬಿಸಿ ಮೇಲೆ ಬಣ್ಣ ಬಳಿದಿದ್ದಾರೆ. ಒಳಗಿನ ತಗಡು ಮುದ್ದೆ ಆಗಿದೆ. ಯಾರು ಸರಿ ಮಾಡ್ತಾರೆ ಇದನ್ನ?”

“ನಾನು.”

“ನೀವು?!”

“ಹೌದು, ನಾನು. ಯಾಕೆ, ನಿಮ್ಮ ಕೈಗೆ ಇರೋ ಐದು ಬೆರಳು ನನಗೂ ಇದೆ!”

ಅವನ ನಗು ನಿಂತಿತು. ಬಾನೆಟ್ ಮೇಲಿದ್ದವಳನ್ನು ಮೊದಲ ಸಲ ಸರಿಯಾಗಿ ನೋಡಿದ. ಆಮೇಲೆ ಗ್ಯಾಸ್ ಕಟರಿನವನ ಕಡೆ ತಿರುಗಿ, “ಆರಿಸಪ್ಪಾ. ಬಾಗಿಲು ಬೇಡ ನನಗೆ” ಎಂದ.

* * *

ಆ ಐದೈದು ಬೆರಳಿಗೂ ಒಂದು ಕಸುಬಿತ್ತು. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಬಿದ್ದು ಮುರಿದುಕೊಂಡವರನ್ನು ಮತ್ತೆ ನಡೆಸುವುದು, ಮಡಚದ ಮಂಡಿಯನ್ನು ಮಡಚಿಸುವುದು ಅವಳ ಕೆಲಸ.

ಕಾರು ಮನೆಯ ಶೆಡ್ಡಿಗೆ ಬಂದ ದಿನ ಅಣ್ಣ ತಲೆ ಮೇಲೆ ಕೈಹೊತ್ತು ಕೂತ.

“ಅಮ್ಮಾ, ನಿನ್ನ ಮಗಳು ಹೆಣ ತಂದಿದ್ದಾಳೆ ನೋಡು!”

“ಹೆಣ ಅಲ್ಲ, ಪೇಷೆಂಟು” ಎಂದಳು ಇವಳು.

ಎಂಟು ತಿಂಗಳ ನಂತರ ಊರಿನಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಅದರಲ್ಲಿ ‘ಸ್ವಂತ ಕೈ’ ಎಂಬ ಒಂದು ವಿಭಾಗ. ಎಂಜಿನ್ ಯಾರೇ ಮಾಡಲಿ, ಕಾರಿನ ಮೈಯನ್ನು ಮಾತ್ರ ಮಾಲೀಕರೇ ತಮ್ಮ ಕೈಯಾರೆ ತಿದ್ದಿರಬೇಕು. ಅವಳು ಫೋನ್ ಮಾಡಿದಾಗ ಸಂಘದ ಕಾರ್ಯದರ್ಶಿ, “ಅರ್ಜೀನ ಯಜಮಾನರ ಹೆಸರಲ್ಲಿ ಹಾಕಿಬಿಡಿ ಮೇಡಮ್” ಅಂದಿದ್ದರು.

“ಯಜಮಾನಿ ನಾನೇ ಸರ್.”

“ಅಲ್ಲ... ಕೆಲಸ ಮಾಡೋರು?”

“ಅದೂ ನಾನೇ!”

ಈ ಮಾತು ಕೇಳಿಸಿಕೊಂಡ ಅಣ್ಣ ಒಂದು ಷರತ್ತು ಹಾಕಿದ. “ಪ್ರದರ್ಶನದ ಹೊತ್ತಿಗೆ ನಿನ್ನ ಕೈಯಲ್ಲೇ ಮುಗಿದ್ರೆ ಸರಿ. ಇಲ್ಲಾಂದ್ರೆ ಇದು ಗುಜರಿಗೇ ವಾಪಸ್. ಆಮೇಲೆ ಅಳಬಾರದು.”

“ಅಳೋದು ನೀನು!” ಎಂದವಳು ಅಂದೇ ಸುತ್ತಿಗೆ ಕೊಂಡುತಂದಳು.

ಸುತ್ತಿಗೆ ಕೊಳ್ಳುವುದು ಸುಲಭ. ಮೂರು ವಾರ ತಟ್ಟಿದ್ದೇ ತಟ್ಟಿದ್ದು. ಒಂದು ಗುಂಡಿ ಏಳುವಷ್ಟರಲ್ಲಿ ಪಕ್ಕದಲ್ಲಿ ಎರಡು ಹುಟ್ಟುತ್ತಿದ್ದವು. ಕೊನೆಗೆ ಮಾನ ಮರ್ಯಾದೆ ಬದಿಗಿಟ್ಟು ಟಿಂಕರನ ಗ್ಯಾರೇಜಿನ ಮುಂದೆ ಹೋಗಿ ನಿಂತಳು.

“ಗಾಡಿ ತನ್ನಿ ಡಾಕ್ಟ್ರೇ, ಮಾಡಿಕೊಡ್ತೀನಿ” ಎಂದ ಅವನು, ಅವಳ ಆಸ್ಪತ್ರೆಯ ಬಿಳಿ ಕೋಟು ನೋಡಿ.

“ಮಾಡಿಕೊಡಿ ಅಂದ್ನಾ ನಾನು? ಕಲಿಸ್ತೀರಾ ಅಂತ ಕೇಳೋಕೆ ಬಂದೆ.”

ಅವನು ಕೈ ಒರೆಸಿಕೊಂಡ. “ಭಾನುವಾರ ಬರ್ತೀನಿ. ಕಿವಿಗೆ ಹತ್ತಿ ಇಟ್ಕೊಂಡಿರಿ, ನಾನು ಬೈತೀನಿ.”

ಬೈದ. ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಬೈದ! ಆದರೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ತಗಡಿನ ಹಿಂದೆ ಕಬ್ಬಿಣದ ಗಟ್ಟಿ ಹಿಡಿದು ಮುಂದಿನಿಂದ ಮೆಲ್ಲಗೆ ತಟ್ಟುವುದನ್ನು ತೋರಿಸಿಕೊಟ್ಟ. ಕಣ್ಣು ಮುಚ್ಚಿ ಅಂಗೈಯಿಂದ ಸವರಿ ಉಬ್ಬು ತಗ್ಗು ಕಂಡುಹಿಡಿಯುವುದನ್ನು ಮಾತ್ರ ಕಲಿಸಬೇಕಾಗಲಿಲ್ಲ. ಅವಳು ಮೊದಲ ಸಲಕ್ಕೇ ಬಾಗಿಲಿನ ಒಂದು ಕಡೆ ಬೆರಳಿಟ್ಟು, “ಇಲ್ಲಿ ಊತ ಇದೆ” ಎಂದಾಗ ಅವನು ಬೆರಗಾಗಿ ನೋಡಿದ.

“ಇದನ್ನ ಕಲಿಯೋಕೆ ನನಗೆ ನಾಲ್ಕು ವರ್ಷ ಬೇಕಾಯ್ತು ಡಾಕ್ಟ್ರೇ.”

“ನನಗೆ ಒಂಬತ್ತು. ಮನುಷ್ಯರ ಬೆನ್ನ ಮೇಲೆ ಕಲಿತಿದ್ದು.”

ಆ ದಿನ ಇಬ್ಬರೂ ಒಟ್ಟಿಗೆ ನಕ್ಕರು. ಅವನು ಹೋದ ಮೇಲೂ ಆ ನಗು ಶೆಡ್ಡಿನಲ್ಲೇ ಉಳಿದ ಹಾಗೆ ಅವಳಿಗೆ ಅನ್ನಿಸಿತು. ‘ಛೆ! ಬೈಗುಳದ ಬಾಯಿ. ಅದು ನಕ್ಕರೆ ನನಗೇನಂತೆ?’ ಎಂದುಕೊಂಡಳು. ಆದರೆ ಶನಿವಾರ ಬಂತೆಂದರೆ ಶೆಡ್ಡಿನ ಕಸ ಎರಡೆರಡು ಸಲ ಗುಡಿಸುತ್ತಿದ್ದಳು. ಅಮ್ಮ ನೋಡಿಯೂ ನೋಡದವಳಂತಿದ್ದಳು.

ಬಲಗಡೆ ಮುಗಿಯಿತು. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲ ಮುಗಿಯಿತು. ಎಡಗಡೆಯ ಮಡ್ಗಾರ್ಡ್ ಮಾತ್ರ ಹಟ ಹಿಡಿದು ಕೂತಿತು. ಮೊದಮೊದಲು ಅವಳು ಅತಿಯಾಗಿ ಹೊಡೆದು ತಗಡು ಹಿಗ್ಗಿತ್ತು. ಒತ್ತಿದರೆ ಡಬ್ ಎಂದು ಒಳಗೆ ಹೋಗುವುದು, ಬಿಟ್ಟರೆ ಡಬ್ ಎಂದು ಹೊರಗೆ ಬರುವುದು.

“ಹಿಗ್ಗಿದ ತಗಡನ್ನ ಹೊಡೆದಷ್ಟೂ ಹಿಗ್ಗುತ್ತೆ. ಕಾಸಗಲ ಜಾಗ ಕೆಂಪಗೆ ಕಾಯಿಸಿ, ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆ ಒತ್ತಬೇಕು. ಆಗ ಕುಗ್ಗುತ್ತೆ. ತಾಳ್ಮೆ ಬೇಕು” ಎಂದ ಟಿಂಕರ್.

ಏಳು ಸಲ ಪ್ರಯತ್ನಿಸಿದಳು. ಏಳು ಸಲವೂ ಡಬ್! ಪ್ರದರ್ಶನಕ್ಕೆ ಉಳಿದಿದ್ದು ಎರಡೇ ವಾರ. ಅಂಥ ಹೊತ್ತಿನಲ್ಲೇ ಆಸ್ಪತ್ರೆಯವರು ಅವಳನ್ನು ಮೂರು ದಿನ ಪಕ್ಕದೂರಿನ ಶಿಬಿರಕ್ಕೆ ಕಳಿಸಿದರು.

* * *

ವಾಪಸು ಬಂದವಳು ಚಪ್ಪಲಿಯನ್ನೂ ಬಿಡದೆ ನೇರ ಶೆಡ್ಡಿಗೆ ಹೋದಳು. ಎಡಗಡೆಯ ಮಡ್ಗಾರ್ಡಿನ ಮೇಲೆ ಅಂಗೈ ಇಟ್ಟಳು.

ನುಣುಪು. ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ. ಒತ್ತಿದಳು. ಡಬ್ ಎನ್ನಲಿಲ್ಲ.

ಯಾರೋ ಇದನ್ನು ಮುಗಿಸಿಟ್ಟಿದ್ದರು. ಆ ಕೈ ಯಾರದೆಂದು ಅವಳ ಅಂಗೈಗೆ ಗೊತ್ತಿತ್ತು.

“ಹೇಗಿದೆ?” ಅಣ್ಣ ಬಾಗಿಲಲ್ಲಿ ನಿಂತು ಹಲ್ಲು ಕಿರಿದ. “ನಾನೇ ಹೇಳಿದ್ದೆ ಅವನಿಗೆ, ಮುಗಿಸಿಬಿಡಪ್ಪಾ ಅಂತ. ಷರತ್ತು ನೀನೇ ಗೆದ್ದೆ ಅಂತ ಇಟ್ಕೋ. ಯಾರಿಗೂ ಹೇಳಲ್ಲ ಬಿಡು.”

ಯಾರಿಗೂ ಹೇಳಲ್ಲ! ಹಾಗಾದರೆ ಎಂಟು ತಿಂಗಳು, ಬೆರಳ ತುದಿಯ ಸುಟ್ಟ ಗಾಯಗಳು, ತೋಳಿನ ನೋವು... ಎಲ್ಲವೂ ಈ ಒಂದು ಗುಟ್ಟಿನ ಕೆಳಗೆ ಹೂತುಹೋಗಬೇಕೇ? ಬೇಲಿಯೇ ಎದ್ದು ಹೊಲ ಮೇಯ್ದಿದ್ದರೆ ದೂರುವುದು ಯಾರಿಗೆ?

ಗೇಟಿನ ಸದ್ದಾಯಿತು. ಟಿಂಕರ್ ಬರುತ್ತಿದ್ದ. ಮುಖದಲ್ಲಿ ಹೊಸ ಅಂಗಿ ತೊಟ್ಟ ಮಗುವಿನ ಸಂಭ್ರಮ.

ಅವಳು ಸುತ್ತಿಗೆ ಎತ್ತಿಕೊಂಡಳು.

“ಡಾಕ್ಟ್ರೇ, ಬೇಡ—”

ಧಡ್! ಧಡ್! ಧಡ್!

ಮೂರೇ ಏಟು. ನುಣುಪಾದ ಮಡ್ಗಾರ್ಡಿನ ಮೇಲೆ ಮೂರು ಗುಂಡಿಗಳು ಬಿದ್ದವು. ಅಣ್ಣನ ಬಾಯಿ ತೆರೆದೇ ಉಳಿಯಿತು.

“ಹುಚ್ಚು ಹಿಡೀತಾ ನಿನಗೆ?!”

“ಹೌದು, ಹಿಡೀತು!” ಅವಳು ಸುತ್ತಿಗೆ ಕೆಳಗಿಟ್ಟಳು. ಟಿಂಕರನ ಕಡೆ ತಿರುಗಿದಳು. “ಯಾಕೆ ಮಾಡಿದ್ರಿ?”

“ನೀವು ಸೋಲೋದನ್ನ... ನೋಡೋಕೆ ಆಗ್ಲಿಲ್ಲ.”

“ನಾನು ಸೋಲ್ತೀನಿ ಅಂತ ತೀರ್ಮಾನ ಮಾಡಿದೋರು ಯಾರು? ಇನ್ನೂ ಹನ್ನೊಂದು ದಿನ ಇತ್ತು! ನಡೆಯೋಕೆ ಕಲೀತಿರೋರನ್ನ ಎತ್ತಿಕೊಂಡು ಹೋದ್ರೆ ಅವರ ಕಾಲು ಯಾವತ್ತೂ ಬರಲ್ಲ. ದಿನಾ ಪೇಷೆಂಟುಗಳ ಮನೆಯವರಿಗೆ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ನಿಮಗಾದ್ರೂ ಅರ್ಥ ಆಗಿರುತ್ತೆ ಅಂದ್ಕೊಂಡಿದ್ದೆ. ಅಣ್ಣ ಹೇಳಿದ ತಕ್ಷಣ ಕುಣಿದುಬಿಟ್ರಲ್ಲ!”

ಅವನು ತಲೆ ತಗ್ಗಿಸಿದ. ತಿರುಗಿ ಹೋಗಿಬಿಟ್ಟ.

ಅವನು ಗೇಟು ದಾಟಿದ ಮೇಲೆ ಅವಳು ಮಡ್ಗಾರ್ಡಿಗೆ ಹಣೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಬಂದು ಬೆನ್ನು ಸವರಿದಳು.

“ನಿಮ್ಮಣ್ಣ ಹೇಳಿದ್ದೇನೋ ನಿಜ ಕಣೇ. ಅವನು ಒಪ್ಪಲಿಲ್ಲ. ‘ಅವರ ಕೆಲಸಕ್ಕೆ ನಾನು ಕೈ ಹಾಕಲ್ಲ’ ಅಂತ ಜಗಳ ಆಡಿ ಹೋದ. ಮಾರನೇ ದಿನ ತಾನಾಗೇ ಬಂದ. ‘ಯಾಕಪ್ಪಾ?’ ಅಂದೆ. ‘ಅವರು ಬಂದಾಗ ಒಂದು ಸಲ ನಗಲಿ ಅಮ್ಮಾ, ಹದಿನೈದು ದಿನ ಆಯ್ತು ನಕ್ಕು’ ಅಂದ.”

ಅವಳ ಅಳು ನಿಂತಿತು. ‘ನಾನು ನಕ್ಕ ದಿನ ಲೆಕ್ಕ ಇಡ್ತಿದ್ನಾ ಇವನು...?’

“ಆದ್ರೂ ತಪ್ಪು ತಪ್ಪೇ ಅಮ್ಮಾ.”

“ತಪ್ಪೇ. ನಾನೆಲ್ಲಿ ಇಲ್ಲ ಅಂದೆ? ಮೊದಲು ಚಪ್ಪಲಿ ಬಿಡು, ಕೈಕಾಲು ತೊಳಿ.”

* * *

ಮರುದಿನ ಬೆಳಗ್ಗೆ ಐದೂವರೆಗೆ ಅವಳು ಕೆಲಸ ಶುರುಮಾಡಿದಳು. ಆರಕ್ಕೆ ತಲೆ ಎತ್ತಿದರೆ ಗೇಟಿನ ಹೊರಗೆ ಟಿಂಕರ್ ನಿಂತಿದ್ದ. ಎರಡೂ ಕೈ ಬೆನ್ನ ಹಿಂದೆ.

“ಏನು?” ಅವಳ ಮಾತಿನಲ್ಲಿ ಇನ್ನೂ ಖಾರವಿತ್ತು.

“ಏನಿಲ್ಲ. ಎತ್ತಿಕೊಳ್ಳೋಕೆ ಬಂದಿಲ್ಲ. ಸುಮ್ನೆ ನಿಂತಿರ್ತೀನಿ. ಬೇಡ ಅಂದ್ರೆ ಹೋಗ್ತೀನಿ.”

ಅವಳು ಬೇಕು ಅನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಹತ್ತು ಬೆಳಗು ಹಾಗೆಯೇ ನಡೆಯಿತು. ಅವಳು ತಗಡು ಕಾಯಿಸುವಳು, ತಟ್ಟುವಳು, ಒದ್ದೆ ಬಟ್ಟೆ ಒತ್ತುವಳು. ಚುಯ್ ಎಂದು ಹಬೆ ಏಳುವುದು. ಅವಳ ಏಟು ತಪ್ಪಿದಾಗಲೆಲ್ಲ ಗೇಟಿನಾಚೆ ಅವನ ಭುಜ ತಾನಾಗಿ ಮುಂದೆ ಬರುವುದು, ಮತ್ತೆ ಹಿಂದೆ ಸರಿಯುವುದು. ಬೈಯುವ ಬಾಯಿಗೆ ಬೀಗ! ಪಾಪ, ಆ ಮನುಷ್ಯ ಪಡುತ್ತಿದ್ದ ಪಾಡು ನೋಡಿ ಅಮ್ಮನಿಗೇ ಕನಿಕರವಾಗಿ ದಿನಾ ಒಂದು ಲೋಟ ಕಾಫಿ ಗೇಟಿಗೇ ಕಳಿಸುತ್ತಿದ್ದಳು. ಕಾಫಿ ಒಯ್ಯುತ್ತಿದ್ದವನು, ಹೇಳಿದರೆ ನಂಬುತ್ತೀರೋ ಇಲ್ಲವೋ, ಅಣ್ಣ.

ಎಂಟನೆಯ ಬೆಳಗ್ಗೆ ಅವಳು ಮಡ್ಗಾರ್ಡನ್ನು ಒತ್ತಿದಳು. ಸದ್ದಿಲ್ಲ. ಇನ್ನೊಮ್ಮೆ ಒತ್ತಿದಳು. ಇಲ್ಲ! ಹುಚ್ಚಿಯಂತೆ ಗೇಟಿನ ಕಡೆ ತಿರುಗಿದಳು. ಅವನ ಕಣ್ಣು ತುಂಬಿತ್ತು. ಅವನು ನೋಡುತ್ತಿದ್ದುದು ಮಡ್ಗಾರ್ಡನ್ನಲ್ಲ, ಅವಳ ನಗುವನ್ನು.

* * *

ಪ್ರದರ್ಶನದ ಮೈದಾನದಲ್ಲಿ ನಲವತ್ತು ಕಾರುಗಳಿದ್ದವು. ಅವಳದು ಕಡುನೀಲಿ, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹಿರಿಯ ತೀರ್ಪುಗಾರರು ಕಣ್ಣು ಮುಚ್ಚಿ ಕಾರಿನ ಮೈ ಸವರುತ್ತಾ ಬಂದು ಎಡಗಡೆಯ ಮಡ್ಗಾರ್ಡಿನ ಹತ್ತಿರ ನಿಂತರು.

“ಇಲ್ಲೊಂದು ಸಣ್ಣ ಅಲೆ ಇದೆಯಲ್ಲಮ್ಮಾ.”

“ಇದೆ ಸರ್. ನನ್ನದೇ.”

ಅವರು ಕಾಗದ ಮುಂದೆ ಚಾಚಿದರು. ‘ಬೇರೆ ಯಾರ ಕೈಯೂ ಬಿದ್ದಿಲ್ಲ’ ಎಂಬ ಸಾಲಿನ ಕೆಳಗೆ ಸಹಿ ಮಾಡಬೇಕಿತ್ತು. ಅವಳ ಪೆನ್ನು ನಿಂತಿತು. ಪಕ್ಕದಲ್ಲಿದ್ದ ಅಣ್ಣ, “ಮಾಡೇ, ಯಾರಿಗೆ ಗೊತ್ತಾಗುತ್ತೆ?” ಎಂದು ಪಿಸುಗುಟ್ಟಿದ.

“ಸರ್, ಈ ಮಡ್ಗಾರ್ಡಿಗೆ ಒಂದು ಸಲ ಬೇರೆಯವರ ಕೈ ಬಿದ್ದಿತ್ತು” ಎಂದಳು ಅವಳು. “ನನಗಿಂತ ಎಷ್ಟೋ ಚೆನ್ನಾಗಿ ಮಾಡಿದ್ರು. ನಾನು ಸುತ್ತಿಗೆ ತಗೊಂಡು ಅದನ್ನ ಹಾಳು ಮಾಡಿ, ಮತ್ತೆ ಮೊದಲಿಂದ ಮಾಡಿದೆ. ಇದಕ್ಕೆ ನಿಮ್ಮ ನಿಯಮ ಏನನ್ನುತ್ತೋ ಗೊತ್ತಿಲ್ಲ.”

“ಆ ಕೈ ನನ್ನದು ಸರ್.” ಗುಂಪಿನಿಂದ ಟಿಂಕರ್ ಮುಂದೆ ಬಂದ. “ಕೇಳದೆ ಮಾಡಿದ್ದೆ. ತಪ್ಪು ನನ್ನದು, ಅವರದಲ್ಲ. ಈಗ ಇದರಲ್ಲಿ ನನ್ನದು ಅನ್ನೋದು ಏನೇನೂ ಉಳಿದಿಲ್ಲ.”

ತೀರ್ಪುಗಾರರು ಅವನನ್ನು ನೋಡಿದರು, ಅವಳನ್ನು ನೋಡಿದರು. ಅವರ ಬಿಳಿ ಮೀಸೆ ಅಲುಗಿತು.

“ಇವನ ಕೆಲಸ ಒಡೆದ್ರಾ ನೀವು? ಈ ಊರಲ್ಲಿ ಇವನ ಕೈಗೆ ಸಮ ಇಲ್ಲ ಅಂತಾರಲ್ಲಮ್ಮಾ!”

“ಇರಬಹುದು ಸರ್. ಆದ್ರೆ ಕಾರು ನನ್ನದು.”

ಅವರು ಆ ಸಾಲಿನ ಪಕ್ಕದಲ್ಲಿ ತಮ್ಮ ಕೈಯಾರೆ ಏನೋ ಬರೆದು ಕಾಗದ ಮರಳಿಸಿದರು. ‘ಬಿದ್ದಿತ್ತು. ಮಾಲೀಕರು ತೆಗೆದುಹಾಕಿದ್ದಾರೆ.’ ಅದರ ಕೆಳಗೆ ಅವಳು ದೊಡ್ಡದಾಗಿ ಸಹಿ ಮಾಡಿದಳು.

ಬಹುಮಾನ ಬೇರೆ ಯಾರಿಗೋ ಹೋಯಿತು. ಅಲೆಗೆ ಅಂಕ ಕಳೆದಿದ್ದರು. ಅವಳಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ನೋಡಲು ಬಂದವರಿಗೆಲ್ಲ ಅಣ್ಣ, “ನನ್ನ ತಂಗಿ ಮಾಡಿದ್ದು, ಒಬ್ಬಳೇ!” ಎಂದು ಡಂಗುರ ಸಾರುತ್ತಿದ್ದ.

ಜನ ಕರಗಿದ ಮೇಲೆ ಟಿಂಕರ್ ಕಾರಿನ ಪಕ್ಕದಲ್ಲಿ ನಿಂತ. ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು.

“ಒಂದು ಮಾತು ಹೇಳೋದಿತ್ತು ಡಾಕ್ಟ್ರೇ. ಹತ್ತು ದಿನದಿಂದ ಹೇಳಬೇಕು ಅಂತ... ಹೇಗೆ ಶುರು ಮಾಡೋದೋ...”

“ನೀವು ಸುಮ್ನಿರಿ. ನಾನೇ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರಾ?”

ಅವನು ಕಣ್ಣರಳಿಸಿದ. ಕಿವಿಯ ತುದಿಗಳು ಕೆಂಪಾದವು.

“ಅಯ್ಯೋ! ಇದನ್ನೂ ನೀವೇ ಮಾಡ್ಬೇಕಾ?”

“ಮತ್ತೆ? ‘ನಾನೇ ಮಾಡ್ತೀನಿ’ ಅಂದಿದ್ದು ಬರೀ ಕಾರಿಗೆ ಅಂದ್ಕೊಂಡ್ರಾ?”

“ಹೋಗ್ಲಿ... ಹೂಂ ಅನ್ನೋದನ್ನಾದ್ರೂ ನನಗೆ ಬಿಡ್ತೀರಾ?”

ಅವಳು ನಕ್ಕಳು. ಅವನ ಬೆನ್ನ ಹಿಂದಿನ ಕೈಗಳನ್ನು ತಾನೇ ಮುಂದಕ್ಕೆಳೆದು, ತನ್ನ ಸುಟ್ಟ ಬೆರಳುಗಳ ನಡುವೆ ಹಿಡಿದುಕೊಂಡಳು.

“ಬಿಟ್ಟೆ. ಅನ್ನಿ ನೋಡೋಣ.”

“ಹೂಂ” ಎಂದ ಅವನು.