ಮನಿ ಅಂದರ ಮನಿ

“ನಿಮ್ಮ ಕಡೆ ಜೋಳದ ರೊಟ್ಟಿ ಮಾಡ್ತಾರೇನ್ರಿ ಸರ್?”

ಬುತ್ತಿ ಬಿಚ್ಚುತ್ತ ಶೈಲಶ್ರೀ ಕೇಳಿದಳು. ಸಂಶಿಯ ಶಾಲೆಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದು ತೆರೆದಿದ್ದ ಕೋಣೆಗೆ, ಮಾತು ಕಲಿಸಲು ಈರೇಶ ಅಂದೇ ಬೆಳಿಗ್ಗೆ ಬಂದು ಸೇರಿದ್ದ. ಓದಿದ್ದು ಮೈಸೂರಿನಲ್ಲಿ. ಮಾತು ಪುಸ್ತಕದ ಸಾಲಿನಂತೆ ನೆಟ್ಟಗೆ. ಅಲ್ಲಿಯವನೇ ಇರಬೇಕೆಂದು ಅವಳು ತಿಳಿದಿದ್ದಳು.

“ಮಾಡ್ತಾರೆ,” ಎಂದ ಈರೇಶ.

ಅವಳು ಕೊಟ್ಟ ರೊಟ್ಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು, ಮುರಿದು, ಪುಂಡಿಪಲ್ಯ ಹಚ್ಚಿ ಅವನು ತಿಂದದ್ದನ್ನು ಶೈಲಶ್ರೀ ಗಮನಿಸಲಿಲ್ಲ. ಮಕ್ಕಳ ಆಯಾ ರಾಜಮಾಬಿ ಗಮನಿಸಿದಳು.

“ಮೈಸೂರು ಸರ್ ಉಣ್ಣೂದು ಅಗದಿ ನಮ್ಮಂಗ ಐತಲ್ರಿ.”

ಆ ಹೆಸರೇ ಅವನಿಗೆ ಅಂಟಿಕೊಂಡಿತು.

ಮೊದಲು ಸುತ್ತಿನ ಊರುಗಳಿಗೆಲ್ಲ ಶೈಲಶ್ರೀ ಒಬ್ಬಳೇ ವಿಶೇಷ ಶಿಕ್ಷಕಿ. ಹೆಗಲಿಗೊಂದು ಚೀಲ, ಅದರೊಳಗೆ ಮಣಿ, ಗೊಂಬೆ, ಬಣ್ಣದ ಅಕ್ಷರ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಯಾರದೋ ಟ್ರ್ಯಾಕ್ಟರು. ಒಂದೂರಿನ ಮಗುವಿನ ಮುಂದೆ ಕೂತಾಗ ಇನ್ನೊಂದೂರಿನ ಮಗು ಕಾಯುತ್ತಿದೆ ಎಂಬುದು ಮನಸ್ಸಿನಿಂದ ಹೋಗುತ್ತಿರಲಿಲ್ಲ. ಈ ವರ್ಷ ಕೋಣೆ ಬಂತು, ರಾಜಮಾಬಿ ಬಂದಳು, ಕೈಕಾಲಿನ ವ್ಯಾಯಾಮ ಮಾಡಿಸಲು ವಾರಕ್ಕೊಮ್ಮೆ ಡಾಕ್ಟರು ಬರತೊಡಗಿದರು. ಈಗ ಈರೇಶ.

ಅವನು ಕೆಲಸ ಮಾಡುವುದನ್ನು ಅವಳು ಕದ್ದು ನೋಡುತ್ತಿದ್ದಳು. ನೆಲದ ಮೇಲೆ ಕೂತು, ಮಗುವಿನ ಅಂಗೈಯನ್ನು ತನ್ನ ಗಂಟಲಿಗೆ ಹಚ್ಚಿಕೊಂಡು ‘ಮ್‌ಮ್’ ಎನ್ನುತ್ತಿದ್ದ. ಮಗು ತನ್ನ ಗಂಟಲು ಮುಟ್ಟಿಕೊಂಡು ಆ ನಡುಕವನ್ನು ಹುಡುಕುತ್ತಿತ್ತು. ಅದು ಸಿಗುವವರೆಗೆ ಅವನಿಗೆ ಈ ಲೋಕದಲ್ಲಿ ಬೇರೆ ಕೆಲಸವೇ ಇರಲಿಲ್ಲ.

ಒಮ್ಮೆ ಅವನು ತಟ್ಟನೆ ಕಣ್ಣೆತ್ತಿದ. ಅವಳು ಸರಸರ ಮಣಿ ಪೋಣಿಸತೊಡಗಿದಳು.

“ಮೇಡಂ,” ಎಂದ ಮೆಲ್ಲಗೆ, “ದಾರ ಇಲ್ಲ.”

ಕುಬಿಹಾಳದ ಮಲ್ಲಿಕಾಗೆ ಏಳು ವರ್ಷ. ಹುಟ್ಟಿನಿಂದ ಕಿವಿ ಮಂದ. ಹೋದ ವರ್ಷ ಶೈಲಶ್ರೀ ಆಸ್ಪತ್ರೆಗೆ ಅಲೆದಾಡಿ ಅವಳ ಕಿವಿಗೆ ಮಶಿನ್ ಹಾಕಿಸಿದ್ದಳು. ಅಜ್ಜಿ ಫಕೀರವ್ವ ಕೂಲಿ ಬಿಟ್ಟು ಮೊಮ್ಮಗಳನ್ನು ಕರೆತರುತ್ತಿದ್ದಳು. ಒಂದು ಮುಂಜಾನೆ ಈರೇಶ ಹಿಡಿದ ಚಿತ್ರ ನೋಡಿ ಮಲ್ಲಿಕಾ ಮೊದಲ ಸಲ ಬಾಯಿ ತೆರೆದಳು.

“ಮನಿ.”

ಫಕೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಮನೆ,” ಎಂದು ಈರೇಶ ತಿದ್ದಿದ. “ನೆ. ಮನೆ.”

“ಮನಿ.”

“ಮನೆ.”

ಹುಡುಗಿ ಅವನ ತುಟಿ ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ಅವಳು ಕಡ್ಲಿ ಅಂದರೆ ಅವನು ಕಡಲೆ, ಕುದ್ರಿ ಅಂದರೆ ಕುದುರೆ. ವಾರ ಕಳೆಯುವುದರೊಳಗೆ ಮಲ್ಲಿಕಾ ಬಾಯಿ ಮುಚ್ಚಿದಳು.

“ಬಂದ ಮಾತು ಹೊಳ್ಳಿ ಹೋತ್ರಿ ಅಕ್ಕೋರ,” ಎಂದಳು ಫಕೀರವ್ವ. “ಮಶಿನ್ ಕಿತ್ತು ಒಗದಾಳ. ನಾಳಿಂದ ಕರಕೊಂಡು ಬರೂದಿಲ್ರಿ. ಕೂಸು ಮೂಕಿ ಆದ್ರೂ ಅಡ್ಡಿಯಿಲ್ಲ, ಅಂಜಿ ಇರಬಾರದು.”

ಅವಳು ಹೋದ ಮೇಲೆ ಶೈಲಶ್ರೀ ಈರೇಶನ ಎದುರು ಕೂತಳು.

“ಸರ್, ಆ ಹುಡುಗಿ ಏನು ತಪ್ಪು ಹೇಳಿದ್ಲು?”

“ಕೊನೆಯ ಅಕ್ಷರ...”

“ಆಕಿ ಅಜ್ಜಿ ಮನಿ ಅಂತಾಳ. ಊರಿಗೂರ ಮನಿ ಅಂತೈತಿ. ನಾನೂ ಮನಿ ಅಂತೀನ್ರಿ. ನಮಗೆಲ್ಲಾರಿಗೂ ಮಾತು ಕಲಸ್ತೀರೇನು?”

ಈರೇಶ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ, ಮತ್ತೆ ಹರಡಿ, ಮತ್ತೆ ಜೋಡಿಸಿದ. ಸಂಜೆ ಬೀಗ ಹಾಕುವಾಗ ಮಾತ್ರ ಕೇಳಿದ: “ನಾಳೆ ಕುಬಿಹಾಳಕ್ಕೆ ನಾನೂ ಬರಲೇ?”

ಕುಬಿಹಾಳದ ಎರೆಹೊಲಗಳಲ್ಲಿ ಕಡಲೆ ಕಾಯಿ ಕಟ್ಟಿತ್ತು. ಫಕೀರವ್ವನ ಅಂಗಳದ ತುಂಬ ಕೆಂಪು ಮೆಣಸಿನಕಾಯಿ. ಅವನ ದನಿ ಕೇಳದಿದ್ದರೂ ಮುಖ ಕಂಡೊಡನೆ ಮಲ್ಲಿಕಾ ಬಾಗಿಲ ಮರೆಗೆ ಸರಿದಳು.

ಈರೇಶ ಅವಳನ್ನು ಕರೆಯಲಿಲ್ಲ. ಅಂಗಳದಲ್ಲಿ ಕೂತು ಜೋಳದ ದಂಟು ಮುರಿದು ಗೋಡೆ ನಿಲ್ಲಿಸಿದ. ಮೇಲೆ ಮಾಳಿಗೆ, ಮುಂದೊಂದು ಕಟ್ಟೆ. ಬಹಳ ಹೊತ್ತಿನ ಮೇಲೆ ಹುಡುಗಿ ಬಂದು ಎದುರು ಕುಕ್ಕುರುಗಾಲಲ್ಲಿ ಕೂತಳು. ಫಕೀರವ್ವ ತಂದುಕೊಟ್ಟ ಮಶಿನನ್ನು ಅವನು ಅಂಗೈಯಲ್ಲಿಟ್ಟು ಚಾಚಿದ. ಅವಳೇ ತೆಗೆದುಕೊಂಡು ಕಿವಿಗಿಟ್ಟುಕೊಂಡಳು. ಆಗ ಅವನು ದಂಟಿನ ಮನೆಯನ್ನು ತನ್ನತ್ತ ಎಳೆದುಕೊಂಡ.

“ಯವ್ವಾ, ಇದು ನನ್ನ ಮನಿ ಬೇ. ನಿಂಗ ಕೊಡೂದಿಲ್ಲ. ನೀ ಆ ಕಡೀಗೆ ಹೋಗು.”

ಮಲ್ಲಿಕಾ ಅವನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈಯಿಂದ ಮನೆಯನ್ನು ಕಸಿದುಕೊಂಡಳು.

“ನನ್ ಮನಿ.”

“ಅಲ್ಲ, ನಂದು.”

“ನನ್ ಮನಿ!”

ಫಕೀರವ್ವ ಅಲ್ಲೇ ಮೆಣಸಿನಕಾಯಿಯ ನಡುವೆ ಕೂತುಬಿಟ್ಟಳು. ಕಣ್ಣೊರೆಸಿಕೊಂಡು ಕೇಳಿದಳು: “ಯಾವೂರಪ್ಪಾ ನಿಂದು?”

“ಅಣ್ಣಿಗೇರಿ ಬೇ, ಇದ ಜಿಲ್ಲಾ.”

ಶೈಲಶ್ರೀಯ ಕೈಯಲ್ಲಿದ್ದ ಹಸಿ ಕಡಲೆ ಕೈಯಲ್ಲೇ ಉಳಿಯಿತು.

ಬಸ್ಸಿಗೆ ಕಾಯುವಾಗ ಅವಳು ಅವನತ್ತ ನೋಡದೆ ಹೇಳಿದಳು: “ಅಣ್ಣಿಗೇರಿ ಮನಶ್ಯಾಗ ನಾ ರೊಟ್ಟಿ ಗೊತ್ತೇನು ಅಂತ ಕೇಳೀನಿ. ಆವತ್ತ ಹೇಳಾಕ ಏನಾಗಿತ್ತು?”

“ಹೇಳಿದ್ರ ಮರುದಿನ ರೊಟ್ಟಿ ಕೊಡತಿದ್ದಿಲ್ಲ ನೀವು.”

ಅವಳ ತುಟಿಯ ಅಂಚಿನಲ್ಲಿ ನಗೆ ಬಂದು ನಿಂತಿತು. ಅವನು ನಗಲಿಲ್ಲ.

“ಹಾಸ್ಟೆಲಿನ್ಯಾಗ ನಾ ‘ಸಂತಿ’ ಅಂದ್ರ ಎಲ್ಲಾರೂ ನಗತಿದ್ರು. ಕನ್ನಡಿ ಮುಂದ ನಿಂತು ನನ್ನ ಬಾಯಿ ನಾನ ತಿದ್ದಿಕೊಂಡೆ. ಅದ ಕನ್ನಡಿ ತಂದು ಈ ಕೂಸಿನ ಮುಂದ ಹಿಡದೀನಿ, ನೋಡ್ರಿ. ನೀವು ಬೈಲಿಲ್ಲಂದ್ರ ಇನ್ನೂ ಹಿಡಕೊಂಡು ಇರತಿದ್ದೆ.”

“ಬೈದಿಲ್ರಿ. ಕೇಳೀನಿ.”

“ಬೈದ್ರಿ. ಚಲೋ ಆತು.”

ಎಷ್ಟು ಜನ ತಮ್ಮ ತಪ್ಪನ್ನು ಅಂಗಳದಲ್ಲಿ ಕೂತು, ಮಗುವಿನ ಎದುರಿಗೇ ತಿದ್ದಿಕೊಳ್ಳುತ್ತಾರೆ ಎಂದು ಶೈಲಶ್ರೀ ಯೋಚಿಸಿದಳು. ಅವನ ಅಂಗಿಯ ತೋಳಿಗೆ ಜೋಳದ ದಂಟಿನ ಚೂರು ಅಂಟಿತ್ತು. ತೆಗೆಯಲು ಎತ್ತಿದ ಕೈಯನ್ನು ಅವಳು ಚೀಲದ ಮೇಲೆ ಇಟ್ಟುಕೊಂಡಳು.

“ನಮ್ಮವ್ವಗ ನಿಮ್ಮ ಸುದ್ದಿ ಹೇಳೀನ್ರಿ,” ಎಂದ ಈರೇಶ.

“ಏನಂತ?”

“ಇಷ್ಟೆಲ್ಲ ಊರು ಒಬ್ಬಾಕಿನ ತಿರಗ್ಯಾಳ ಅಂತ. ಇನ್ನ ಮ್ಯಾಲೆ ನಾನೂ ಜೋಡಿ ತಿರಗಬೇಕಂತೀನಿ, ಆಕಿ ಒಪ್ಪಿದ್ರ.” ಅವನು ರಸ್ತೆಯನ್ನೇ ನೋಡುತ್ತಿದ್ದ. “ಐತವಾರ ಬರ್ತೀರೇನು?”

“ಎಲ್ಲಿಗೆ?”

“ನಮ್ಮ ಮನೆಗೆ.”

ಅವಳು ಏನೂ ಕೇಳದವಳಂತೆ ಹುಬ್ಬೇರಿಸಿ, ಕೋಣೆಯ ಮಕ್ಕಳ ಹಾಗೆ, ಎರಡು ಬೆರಳನ್ನು ತನ್ನ ಗಂಟಲಿಗೆ ಹಚ್ಚಿಕೊಂಡಳು. ಅವನಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೆ ಕಿವಿಯವರೆಗೆ ಕೆಂಪಾದ.

“ಮನಿಗೆ,” ಎಂದ. “ನಮ್ಮ ಮನಿಗೆ.”

“ಹಾಂ, ಈಗ ಕೇಳಿಸ್ತು.”

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಬದಿಗೆ ಕೂತು, ಪಕ್ಕದ ಸೀಟಿನ ಮೇಲೆ ಯಾವಾಗಲೂ ಇಡುತ್ತಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

“ಬರ್ರಿ,” ಎಂದಳು, “ಹೋಗೂಣು.”