ಅಂಡಮಾನಿನ ನೀರಿನಲ್ಲಿ ಹಿಡಿದ ಕೈ

ಸುಗಟೂರಿನ ಬಾವಿಗಳಲ್ಲಿ ನಾನು ಮುಳುಗಿದರೆ ಮೀನುಗಳೇ ಎದ್ದು ಜಾಗ ಬಿಡುತ್ತಿದ್ದವು. ಬೇಕಾದರೆ ಹೋಳೂರಿನವರೆಗೂ ಯಾರನ್ನಾದರೂ ಕೇಳಿ. ಅಂಥ ನಾನು ಅಂಡಮಾನಿಗೆ ಹೋಗಿ, ದಡದಿಂದ ನಡೆದು ಇಳಿಯುವ ಸ್ಕೂಬಾ ಡೈವ್ ಆರಿಸುತ್ತೇನೆಯೇ?

"ಭಾವ, ದಡದ್ದೇ ಸಾಕು," ಎಂದ ತಂಗಿಯ ಗಂಡ ಕದಿರೇಶ್.

"ಅಷ್ಟು ನೀರಲ್ಲಿ ನಮ್ಮೂರ ಎಮ್ಮೆ ಮಲಗ್ತದೆ ಕಣೋ! ಮುಳುಗಿದ ಹಡಗಿನ ಹತ್ರಾನೇ ಹೋಗೋಣ."

ದಡದಲ್ಲೇ ಉಳಿದ ತಂಗಿ ತ್ರಿವೇಣಿ, "ಅವರಿಗೆ ನೀರಂದ್ರೆ ಭಯ. ಕೈ ಮಾತ್ರ ಬಿಡಬೇಡ ಕಣಣ್ಣಾ," ಎಂದಳು. ಮಾತು ಕೊಟ್ಟೆ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಗೈಡ್ ಹಿಂದೆ, ದೋಣಿಯಿಂದ ಕೈ ಹಿಡಿದೇ ಇಳಿದೆವು. ಹಡಗಿನ ಹತ್ತಿರ ನೀರು ಕದಡಿತ್ತು. ಕದಿರೇಶನ ಕೈ ಜಾರಿತು. ಗಾಬರಿಯಿಂದ ತಡಕಾಡಿದೆ. ತುಕ್ಕು ಹಿಡಿದ ಕಿಟಕಿಯ ಪಕ್ಕ ಮತ್ತೆ ಸಿಕ್ಕಿತು. ಸಮುದ್ರವೆಲ್ಲ ಸ್ನಾನದ ನೀರಿನಷ್ಟು ಬೆಚ್ಚಗಿದ್ದರೂ ಆ ಕೈ ಕೊರೆಯುವಷ್ಟು ತಣ್ಣಗಿತ್ತು. ಭಯಕ್ಕಿರಬೇಕು ಎಂದುಕೊಂಡೆ. ನನ್ನ ಉಸಿರಿನ ಗುಳ್ಳೆಗಳು ಗುಳುಗುಳು ಎಂದು ಮೇಲೇರುತ್ತಿದ್ದವು. ಪಕ್ಕದಿಂದ ಒಂದೂ ಏಳಲಿಲ್ಲ. ಹಡಗು ಬಿಟ್ಟು ಹೊರಟಾಗ ಆ ಕೈ, ಸಂತೆಯಲ್ಲಿ ಮಗು ಹಿಡಿದುಕೊಳ್ಳುವಂತೆ, ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಿತು.

ದೋಣಿಯ ಏಣಿ ಹಿಡಿಯಲೆಂದು ಕೈ ಬಿಟ್ಟು ತಲೆಯೆತ್ತಿದೆ. ಮೇಲೆ ಕದಿರೇಶ್ ಟವೆಲ್ ಹೊದ್ದು ಟೀ ಕುಡಿಯುತ್ತಿದ್ದ.

"ಎಲ್ಲಿಗೆ ಹೋಗ್ಬಿಟ್ರಿ ಭಾವ? ಕಿವಿ ನೋವು ಅಂತ ಗೈಡ್ ನನ್ನನ್ನ ಆಗ್ಲೇ ಮೇಲಕ್ಕೆ ಕರ್ಕೊಂಡು ಬಂದ್ರು."

ಅವನ ಕೈ ಬಿಟ್ಟದ್ದಕ್ಕೆ ತ್ರಿವೇಣಿ ಸಂಜೆಯವರೆಗೂ ಬೈದಳು. ಬೈಸಿಕೊಂಡೆ. ಆದರೆ ಇನ್ನೊಂದು ಕೈಯನ್ನು ನಾನು ಏಣಿಯವರೆಗೂ ಬಿಟ್ಟಿರಲಿಲ್ಲ. ಆ ಹಡಗಿನಲ್ಲಿದ್ದವರು ಯಾರೇ ಆಗಿರಲಿ, ಅವರನ್ನು ಅಲ್ಲಿಂದ ಹೊರಗೆ ಕರೆತಂದದ್ದು ನಾನೇ.